ಕೆಂಪಗಿರುವುದೆಲ್ಲ ಮಾಣಿಕ್ಯವಲ್ಲ

ಅಪರೂಪದ ಹರಳುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಪ್ರ: ನನ್ನ ಬಳಿ 8 ಕ್ಯಾರಟ್ ತೂಕದ ಬಿಡಿ ಕೆಂಪು ಹರಳೊಂದಿದೆ. ಮಾಣಿಕ್ಯವೋ ಸ್ಪಿನೆಲ್ಲೋ ಎಂದು ಮನೆಯಲ್ಲೇ ತಿಳಿಯಬಹುದೇ? ಗಾಜಿನ ಮೇಲೆ ಗೀರಿ ನೋಡಿದರೆ ಸಾಕೇ?

ಉ: ಗೀರಬೇಡಿ. ಮಾಣಿಕ್ಯ, ಸ್ಪಿನೆಲ್, ಗಾರ್ನೆಟ್ ಕೆಂಪಗಿರಬಹುದಾದ ಬೇರೆಬೇರೆ ಖನಿಜಗಳು; ಮೂರೂ ಗಾಜನ್ನು ಗೀರುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ. ಹರಳಿನ ಅಂಚು ಮುಕ್ಕಾದರೆ ಅದು ಬೇರೆ ನಷ್ಟ. ಬಣ್ಣವನ್ನು ನಂಬಿ ರಾಜಮನೆತನಗಳೇ ಮೋಸ ಹೋಗಿವೆ: ಬ್ರಿಟನ್ನಿನ ರಾಜಕಿರೀಟದ ಮುಂಭಾಗದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ಮಾಣಿಕ್ಯ’ ಹೆಸರಿಗಷ್ಟೇ ಮಾಣಿಕ್ಯ, ಅದು ಸುಮಾರು 170 ಕ್ಯಾರಟ್ಟಿನ ಸ್ಪಿನೆಲ್.

ನೀವು ಅಳೆಯಬೇಕಾದದ್ದು ಸಾಂದ್ರತೆ. 0.001 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಒಂದು ಸಣ್ಣ ಲೋಟ, ತೆಳ್ಳನೆಯ ನೈಲಾನ್ ಎಳೆ ಇದ್ದರೆ ಆಯಿತು. ಮೊದಲು ಹರಳನ್ನು ಒಣಗಿದಂತೆಯೇ ತೂಗಿ. 1 ಕ್ಯಾರಟ್ ಎಂದರೆ 0.2 ಗ್ರಾಂ, ಹಾಗಾಗಿ ನಿಮ್ಮದು 1.600 ಗ್ರಾಂ ಬರಬೇಕು. ಈಗ ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಹರಳನ್ನು ಎಳೆಗೆ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗದಂತೆ ತೂಗಾಡಿಸಿ. ಎಳೆಯನ್ನು ಕೈಯಲ್ಲಿ ಹಿಡಿದರೆ ಅಂಕಿ ನಿಲ್ಲುವುದಿಲ್ಲ, ಯಾವುದಾದರೂ ಆಸರೆಗೆ ಕಟ್ಟಿ. ತಕ್ಕಡಿ ತೋರಿಸುವುದು ಹರಳು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಅದರಿಂದ ಭಾಗಿಸಿ. 0.400 ಬಂದರೆ ಸಾಂದ್ರತೆ 4.00, ಅದು ಮಾಣಿಕ್ಯದ್ದು. 0.444 ಬಂದರೆ 3.60, ಸ್ಪಿನೆಲ್.

ಎಡವುವುದು ಎರಡು ಕಡೆ. ಹರಳಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಅದೂ ನೀರನ್ನು ಸರಿಸುತ್ತದೆ. ಹರಳು ತಳಕ್ಕೆ ತಾಗಿದರೆ ಅದರ ಭಾರವೂ ತಕ್ಕಡಿಯ ಮೇಲೆ ಬೀಳುತ್ತದೆ. ಎರಡರಲ್ಲೂ ಅಂಕಿ ಏರುತ್ತದೆ, ಸಾಂದ್ರತೆ ಇಳಿಯುತ್ತದೆ. ಆದ್ದರಿಂದ ಲೆಕ್ಕ ಕಡಿಮೆ ಬಂದಾಗ ಹರಳಿಗಿಂತ ಮೊದಲು ನಿಮ್ಮ ಕೈಚಳಕವನ್ನೇ ಅನುಮಾನಿಸಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದರೆ ಗುಳ್ಳೆ ಅಂಟುವುದು ಕಡಿಮೆಯಾಗುತ್ತದೆ. ಹರಳು ಚಿಕ್ಕದಾದಷ್ಟೂ ತಪ್ಪು ದೊಡ್ಡದು: 1 ಕ್ಯಾರಟ್ ಮಾಣಿಕ್ಯಕ್ಕೆ 2 ಮಿಲಿಮೀಟರ್ ಅಗಲದ ಒಂದೇ ಗುಳ್ಳೆ ಅಂಟಿದರೂ 4.00 ಬರಬೇಕಾದ್ದು ಸುಮಾರು 3.7 ಆಗಿಬಿಡುತ್ತದೆ.

ಕೆಲವು ಗಾರ್ನೆಟ್‌ಗಳ ಸಾಂದ್ರತೆಯೂ 4.00ರ ಆಸುಪಾಸಿನಲ್ಲಿರುತ್ತದೆ. ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಬಿಟ್ಟು ನೋಡಿ. ಕಬ್ಬಿಣದ ಅಂಶ ಕಡಿಮೆಯಿರುವ ಮಾಣಿಕ್ಯ ಕೆಂಡದಂತೆ ಹೊಳೆಯುತ್ತದೆ, ಕೆಂಪು ಗಾರ್ನೆಟ್ ಸುಮ್ಮನಿರುತ್ತದೆ.

ಇಷ್ಟಾದರೂ ಗೆದ್ದಿರಿ ಎನ್ನುವಂತಿಲ್ಲ. ಕುಲುಮೆಯಲ್ಲಿ ತಯಾರಾದ ಮಾಣಿಕ್ಯಕ್ಕೂ ಸಾಂದ್ರತೆ 4.00. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ನೂಯಿ ಈ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1902ರಲ್ಲಿ, ಹಾಗಾಗಿ ‘ಅಜ್ಜಿಯ ಕಾಲದ್ದು’ ಎಂಬುದು ಪುರಾವೆಯಲ್ಲ. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಹಿಡಿದು, ಹರಳಿನ ಹಿಂದೆ ಬಿಳಿ ಕಾಗದವಿಟ್ಟು, ನಿಧಾನವಾಗಿ ವಾಲಿಸುತ್ತ ನೋಡಿ. ಗ್ರಾಮಫೋನ್ ತಟ್ಟೆಯ ಗೀರುಗಳಂತೆ ಬಾಗಿದ ಗೆರೆಗಳು ಕಂಡರೆ ಅದು ಕುಲುಮೆಯದು. ನೆಲದಲ್ಲಿ ಬೆಳೆದ ಹರಳಿನ ಗೆರೆಗಳು ನೇರವಾಗಿದ್ದು ಕೋನ ಮಾಡುತ್ತವೆ.

ಪ್ರ: ಜಗತ್ತಿನಲ್ಲೇ ಅತಿ ಅಪರೂಪದ ಹರಳು ಪೈನೈಟ್ ಎನ್ನುತ್ತಾರೆ. ಹಾಗಿದ್ದರೆ ಅದೇ ಅತಿ ದುಬಾರಿ ಹರಳಾಗಬೇಕಲ್ಲವೇ?

ಉ: ಆಗಬೇಕಿಲ್ಲ. ಬೆಲೆ ಏರಲು ಹರಳು ಅಪರೂಪವಾಗಿದ್ದರೆ ಸಾಲದು, ಬೇಕೆನ್ನುವವರೂ ಇರಬೇಕು. ಬರ್ಮಾದ ಮೊಗೋಕ್ ಪ್ರದೇಶದ ಪೈನೈಟ್‌ಗೆ ರತ್ನ ಸಂಗ್ರಾಹಕ ಆರ್ಥರ್ ಪೇನ್ ಅವರ ಹೆಸರು ಬಂದದ್ದು 1957ರಲ್ಲಿ. ನಂತರ ದಶಕಗಳ ಕಾಲ ಬೆರಳೆಣಿಕೆಯ ಹರಳುಗಳಷ್ಟೇ ಗೊತ್ತಿದ್ದವು. ಜಿರ್ಕೋನಿಯಂ ಮತ್ತು ಬೋರಾನ್ ಒಂದೇ ಖನಿಜದಲ್ಲಿ ಜತೆಗೂಡುವುದು ನಿಸರ್ಗದಲ್ಲಿ ತೀರಾ ಕಡಿಮೆ, ಅದರ ಅಭಾವಕ್ಕೆ ಅದೇ ಕಾರಣ. 2000ದ ನಂತರ ಮೊಗೋಕ್ ಸುತ್ತಮುತ್ತ ಇನ್ನಷ್ಟು ಸಿಕ್ಕಿತು; ಹೆಚ್ಚಿನವು ಬಿರುಕು ಬಿಟ್ಟ, ಸಾಣೆಗೆ ಬಾರದ ಕಂದುಗೆಂಪು ಚೂರುಗಳು.

ನಮ್ಮನ್ನು ಕೇಳಿದರೆ ಟಾಫೈಟ್ ಇನ್ನೂ ಸ್ವಾರಸ್ಯದ ಕಲ್ಲು. 1945ರಲ್ಲಿ ಡಬ್ಲಿನ್ ನಗರದಲ್ಲಿ ರತ್ನಪರೀಕ್ಷಕ ರಿಚರ್ಡ್ ಟಾಫ್ ಕೊಂಡಿದ್ದ ಸಾಣೆ ಹಿಡಿದ ಹರಳುಗಳ ರಾಶಿಯಲ್ಲಿ ಅದಿತ್ತು. ನೋಟಕ್ಕೂ ಸಾಂದ್ರತೆಗೂ ಸ್ಪಿನೆಲ್‌ನಂತೆಯೇ. ಆದರೆ ಲೂಪ್‌ನಲ್ಲಿ ನೋಡಿದಾಗ ಹಿಂಬದಿಯ ಮುಖಗಳ ಅಂಚುಗಳು ಜೋಡಿಜೋಡಿಯಾಗಿ ಕಂಡವು. ಸ್ಪಿನೆಲ್ ಬೆಳಕನ್ನು ಎರಡಾಗಿ ಒಡೆಯುವುದೇ ಇಲ್ಲ! ಆ ಒಂದು ಗೆರೆಯ ನೆರಳಿನಿಂದ ಹೊಸ ಖನಿಜವೇ ಪತ್ತೆಯಾಯಿತು.

ಪ್ರ: ನನ್ನ ಅಲೆಕ್ಸಾಂಡ್ರೈಟ್ ಹಗಲಲ್ಲಿ ಬೂದುನೀಲಿ, ರಾತ್ರಿ ನೇರಳೆ. ಅಸಲಿಯೇ?

ಉ: ಅನುಮಾನ. ಅಸಲಿ ಅಲೆಕ್ಸಾಂಡ್ರೈಟ್ ಎಂದರೆ ಕ್ರೋಮಿಯಂ ಇರುವ ಕ್ರೈಸೊಬೆರಿಲ್ ಎಂಬ ಖನಿಜ; ಅದು ಹಗಲಲ್ಲಿ ಹಸಿರಿನ ಕಡೆಗೆ, ಮೇಣದಬತ್ತಿಯ ಬೆಳಕಿನಲ್ಲಿ ಕೆಂಪಿನ ಕಡೆಗೆ ವಾಲುತ್ತದೆ. ಬೂದುನೀಲಿಯಿಂದ ನೇರಳೆಗೆ ತಿರುಗುವುದು ಬಹುತೇಕ ವನೇಡಿಯಂ ಬೆರೆಸಿದ ಕೃತಕ ನೀಲಮಣಿಯ ಜಾತಿ. ಎಲ್‌ಇಡಿ ದೀಪದಲ್ಲಿ ಪರೀಕ್ಷಿಸಬೇಡಿ, ತಂತಿ ಉರಿಯುವ ಹಳೇ ಬಲ್ಬೇ ಬೇಕು.

ಪ್ರ: ನಿಂಬೆರಸದಲ್ಲಿ ನೆನೆಸಿಟ್ಟ ಮೇಲೆ ಉಂಗುರದ ಮಾಣಿಕ್ಯದಲ್ಲಿ ಬಿಳಿ ಗೆರೆಗಳೆದ್ದಿವೆ. ಏನಾಯಿತು?

ಉ: ಶುದ್ಧ ಮಾಣಿಕ್ಯಕ್ಕೆ ನಿಂಬೆರಸ ಏನೂ ಮಾಡದು. ನಿಮ್ಮದರ ಬಿರುಕುಗಳಿಗೆ ಸೀಸದ ಗಾಜು ತುಂಬಿರಬೇಕು. ಆಮ್ಲ ಗಾಜನ್ನು ತಿಂದಿದೆ, ಮುಚ್ಚಿದ್ದ ಬಿರುಕು ಬಯಲಾಗಿದೆ. ಹರಳನ್ನು ಓರೆಯಾಗಿ ತಿರುಗಿಸಿ, ಒಳಗೆ ನೀಲಿ ಮಿಂಚು ಹಾದುಹೋದರೆ ಖಾತ್ರಿ. ಉಂಗುರ ರಿಪೇರಿಗೆ ಕೊಡುವಾಗ ಇದನ್ನು ಹೇಳಿಯೇ ಕೊಡಿ. ಬೆಸುಗೆಯ ಉರಿಗೂ ಆ ಗಾಜು ತಾಳುವುದಿಲ್ಲ. ಎಣ್ಣೆ ತುಂಬಿದ ಪಚ್ಚೆಗೆ, ಪದರವಾಗಿ ಸೀಳುವ ಟಾಂಜನೈಟ್‌ಗೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರವೂ ಹಬೆಯೂ ಆಗದು. ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆಯ ಬ್ರಷ್ ಸಾಕು.