ಕ್ಯಾಂಟೀನನ್ನು ಯಾಕೆ ಹೊಡೆದುಹಾಕಬೇಕು?

ಪತ್ರ: ಮಗಳು ಬ್ರಿಟನ್‌ನಲ್ಲಿ ಡಿಪ್ಲೊಮಸಿ (ರಾಜತಾಂತ್ರಿಕತೆ) ಓದಲು ಅಲ್ಲಿನ ಸರ್ಕಾರ ಕೊಡುವ ಚೀವ್ನಿಂಗ್ ಸ್ಕಾಲರ್‌ಶಿಪ್‌ಗೆ ಅರ್ಜಿ ಬರೆಯುತ್ತಿದ್ದಾಳೆ. ಅಪ್ಪನ ಕ್ಯಾಂಟೀನು, ತಾನು ಮುಂಬೈ ಬಳಿಯ ಕಲ್ವಾದಲ್ಲಿ ಸಂಸ್ಥೆಯೊಂದರ ಮೂಲಕ ಮಾಡುವ ರೇಷನ್ ಕಾರ್ಡ್ ಕೆಲಸ ಎಲ್ಲ ಬರೆದಿದ್ದಾಳೆ. ದಾದರಿನ ಕನ್ಸಲ್ಟೆಂಟ್ ಒಬ್ಬರು ಅದನ್ನೆಲ್ಲ ಹೊಡೆದುಹಾಕಿ, ತಾವೇ ಬರೆದುಕೊಡಲು 40,000 ರೂಪಾಯಿ ಕೇಳಿದ್ದಾರೆ. ಕೊಡಬಹುದಾ? ಮದುವೆ ವಯಸ್ಸಿನಲ್ಲಿ ಇದೆಲ್ಲ ಯಾಕೆ ಅಂತ ನೆಂಟರ ಕಾಟ ಬೇರೆ. — ಓದುಗರು, ಡೊಂಬಿವಲಿ

ಉತ್ತರ: ಕೊಡಬೇಡಿ ಅಮ್ಮ.

ಕನ್ಸಲ್ಟೆಂಟ್‌ಗಳಿಂದ ಉಪಯೋಗವೇ ಇಲ್ಲ ಅಂತಲ್ಲ. ಕೊನೆಯ ದಿನಾಂಕ ನೆನಪಿಸುತ್ತಾರೆ, ಎರಡು ವರ್ಷದ, ಅಂದರೆ 2,800 ಗಂಟೆಯ ಕೆಲಸದ ಅನುಭವ ಲೆಕ್ಕಕ್ಕೆ ಬರುತ್ತದಾ ಅಂತ ನೋಡುತ್ತಾರೆ. ಅಷ್ಟೇ. ನೀವು ಕಳಿಸಿದ ಎರಡೂ ಪ್ರತಿ ಓದಿದೆ. ಅವರದ್ದು 'ಬಾಲ್ಯದಿಂದಲೂ ವಿಶ್ವಶಾಂತಿಯ ಕನಸು ಕಂಡವಳು ನಾನು' ಎಂದು ಶುರುವಾಗುತ್ತದೆ. ಯಾರ ಮಗಳಾದರೂ ಬರೆಯಬಹುದು. ನಿಮ್ಮ ಮಗಳದ್ದು ಶುರುವಾಗೋದು ರೇಷನ್ ಅಂಗಡಿಯಲ್ಲಿ.

ವಿಜಯಪುರ ಕಡೆಯ ಗಾರೆ ಕೆಲಸದ ಹೆಂಗಸು. ಸಿಮೆಂಟು ಕಲಸಿ ಕಲಸಿ ಬೆರಳಿನ ಗೆರೆ ಸವೆದಿದೆ, ಮೆಷಿನ್ನು ಹೆಬ್ಬೆಟ್ಟು ತಗೊಳ್ಳುತ್ತಿಲ್ಲ. 'ಒಂದು ದೇಶ, ಒಂದು ರೇಷನ್ ಕಾರ್ಡ್' ಬಂದಮೇಲೆ ಊರಿನ ಕಾರ್ಡಿಗೆ ಇಲ್ಲೂ ಧಾನ್ಯ ಸಿಗಬೇಕು, ಆದರೆ ಅಂಗಡಿಯವನು ಊರಿಗೇ ಹೋಗು ಅಂತಾನೆ. ನಿಮ್ಮ ಮಗಳು ಕ್ಯೂ ಮುಂದೆ ಜಗಳಕ್ಕೆ ನಿಲ್ಲಲಿಲ್ಲ. ಜನ ಕರಗುವ ತನಕ ಕಾದು, ಮರಾಠಿಯಲ್ಲಿ 'ದಾದಾ' ಅಂತ ಮಾತಿಗೆಳೆದು, ಮೊಬೈಲಿಗೆ ಒಟಿಪಿ ತರಿಸಿಯೂ ಕೊಡಬಹುದು ಅಂತ ಅವನ ಮೆಷಿನ್ನಿನಲ್ಲೇ ತೋರಿಸಿದಳು. ಮುಂದಿನ ತಿಂಗಳಿಂದ ಅವನೇ ಬೇರೆಯವರಿಗೂ ಹಾಗೆ ಕೊಡತೊಡಗಿದ. ಎದುರಿನವನ ಮುಖ ಕೆಡಿಸದೆ ಕೆಲಸ ಮಾಡಿಸಿಕೊಂಡಿದ್ದಾಳೆ ನೋಡಿ. ಆ ಅರ್ಜಿಯಲ್ಲಿ ಮುಂದಾಳುತನ, ಜನಸಂಪರ್ಕ ಅಂತ ಕೇಳೋದು ಇದನ್ನೇ. ಇದನ್ನು ಬಿಟ್ಟು ವಿಶ್ವಶಾಂತಿ ಯಾಕೆ?

ಹುಡುಗಿಗೂ ಒಂದು ಮಾತು. 'ಸಂಸ್ಥೆಯ ವತಿಯಿಂದ ನೆರವು ನೀಡಲಾಯಿತು' ಅಂತ ಯಾಕೆ ಬರೆದೆ ಮಾರಾಯ್ತಿ? ನೀಡಿದ್ದು ನೀನು. 'ನಾನು' ಅಂದರೆ ಜಂಬ ಅಂತ ಮಕ್ಕಳಿಗೆ ಹೇಳಿ ಹೇಳಿ ನಾವೇ ಹೀಗೆ ಮಾಡಿಟ್ಟಿದ್ದೇವೆ. ಇನ್ನು ಮುಂದಿನ ಗುರಿ 'ವಿಶ್ವಸಂಸ್ಥೆ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು ಅನ್ನೋದು ಅವರ ಷರತ್ತು. ಈ ಸ್ಕಾಲರ್‌ಶಿಪ್ ಸಿಕ್ಕರೆ ಭಾರತೀಯ ವಿದೇಶಾಂಗ ಸೇವೆಯ ಬಾಗಿಲು ತೆರೆಯುವುದಿಲ್ಲ, ಅದಕ್ಕೆ ಯುಪಿಎಸ್‌ಸಿ ಪರೀಕ್ಷೆಯೇ ಆಗಬೇಕು. ಆದರೆ ಇದೇ ಮುಂಬೈಯಿಂದ ಗಲ್ಫಿಗೆ ಕೂಲಿಗೆ ಹೋಗುವವರು ಎಷ್ಟು ಜನ! ಅವರಿಗಾಗಿ 1983ರ ವಲಸೆ ಕಾಯ್ದೆ ಇದೆ, ಆದರೂ ಏಜೆಂಟರ ಮೋಸ ನಿಂತಿಲ್ಲ. ಕಲ್ವಾದ ಕೆಲಸದಿಂದ ಈ ವಲಸಿಗರ ಕೆಲಸಕ್ಕೆ ಹೇಗೆ ಹೋಗುತ್ತೀಯ ಅಂತ ಬರಿ, ಓದುವವರು ನಂಬುತ್ತಾರೆ.

ಮದುವೆ ಬಗ್ಗೆ ಕೇಳುವ ನೆಂಟರಿಗೆ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಅವರ ಕಥೆ ಹೇಳಿ. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ ಅವರು. ಆ ಸೇವೆಯ ಹೆಂಗಸರು ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ತಗೋಬೇಕು ಅಂತ ನಿಯಮವೇ ಇತ್ತು! ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರ ತೀರ್ಪಿನಲ್ಲಿ ಕೋರ್ಟು ಆ ನಿಯಮಕ್ಕೆ ಚೆನ್ನಾಗಿಯೇ ಛೀಮಾರಿ ಹಾಕಿತು.

ಈಗ ಕ್ಯಾಂಟೀನಿನ ವಿಷಯ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇಲ್ಲೇ. ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ಶುರುಮಾಡಿದ ಉಡುಪಿ ಬೋರ್ಡಿಂಗಿನಲ್ಲಿ ಇವತ್ತೂ ಜನ ಎಲೆ ಊಟಕ್ಕೆ ಕಾಯುತ್ತಾರೆ ಅಂತ ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ಮನೆಯ ಹುಡುಗಿ ಅಪ್ಪನ ಕ್ಯಾಂಟೀನಿನ ಗಲ್ಲಾದಲ್ಲಿ ಕೂತು ನಾಲ್ಕು ಭಾಷೆ ಕಲಿತೆ ಅಂತ ಬರೆದರೆ ಮಾತ್ರ ನಾಚಿಕೆ! ಹಗಲು ಟೇಬಲ್ ಒರೆಸಿ ರಾತ್ರಿ ಶಾಲೆಗೆ ಹೋಗಿ ಮೇಲೆ ಬಂದವರೂ ಈಗ ಆ ಕಥೆಯನ್ನು ಬಾಯಿಬಿಡುವುದಿಲ್ಲ.

ಶಿಫಾರಸಿಗೆ ಕಾರ್ಪೊರೇಟರ್ ಹತ್ತಿರ ಹೋಗಬೇಡಿ. ಇಬ್ಬರು ಬೇಕಾಗುತ್ತಾರೆ, ಅದೂ ಸಂದರ್ಶನಕ್ಕೆ ಕರೆ ಬಂದರೆ. ಅವಳ ಕೆಲಸ ಕಣ್ಣಾರೆ ನೋಡಿದವರಾದರೆ ಸಾಕು. ಇಂಗ್ಲಿಷ್ ತಿದ್ದಿಕೊಡಲು ನಮ್ಮಲ್ಲೇ ನಿವೃತ್ತ ಮೇಷ್ಟ್ರುಗಳು ಬೇಕಾದಷ್ಟು ಇದ್ದಾರೆ. ಆದರೆ ಇಲ್ಲಿನ ಕನ್ನಡ ಸಂಘಗಳು ಅವರನ್ನು ಕರೆಯೋದು ಶಾಲು ಹೊದಿಸೋಕೆ ಮಾತ್ರ. ತಿಂಗಳಿಗೊಂದು ಭಾನುವಾರ ಮಕ್ಕಳ ಅರ್ಜಿ ಓದಿಕೊಡಿ ಅಂತ ಯಾರೂ ಕೇಳಲ್ಲ. ಹಾಲ್ ಇದೆ, ಕುರ್ಚಿ ಇದೆ, ಚಹಾ ಇದೆ, ಮತ್ತೇನು ಅಡ್ಡಿ? ಇದನ್ನು ಓದಿ ಯಾವ ಕಾರ್ಯದರ್ಶಿಗಾದರೂ ಬೇಜಾರಾದರೆ ಪತ್ರ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಅದನ್ನೂ ಹಾಕುತ್ತೇವೆ.