ಮಷಿನ್ ಹಾಕಿದ್ರೂ ಪ್ರವಚನ ತಿಳೀಲಿಲ್ಲಂದ್ರ

ತಂದಿಯವರಿಗೆ ಕಿವಿ ಮಷಿನ್ ಹಾಕಿದ ಮ್ಯಾಲ ಮನ್ಯಾಗ ಮಾತು ಕೇಳಸ್ತದ, ಶರಣಬಸವೇಶ್ವರ ಗುಡಿ ಪ್ರವಚನದಾಗ ಬರೇ ಗದ್ದಲ, ಇನ್ನೂ ದುಬಾರಿದು ತಗೋಬೇಕೇನು ಅಂತ ಕೇಳೀರಿ. ಅವಸರ ಮಾಡಬ್ಯಾಡ್ರಿ. ಬಯಲಿನ್ಯಾಗ ದೂರ ಎರಡು ಪಟ್ಟಾದ್ರ ದನಿ 6 ಡೆಸಿಬಲ್ (ದನಿ ಅಳಿಯೋ ಮಾಪು) ಇಳೀತದ. ಗುಡಿಯೊಳಗ ಮಾರ್ದನಿ ಬ್ಯಾರೆ. ಬಾಜೂಕಿನವರ ಗುಜುಗುಜು ಮಾತ್ರ ಕಿವಿ ಹತ್ರನೇ ಇರ್ತದ, ಮಷಿನ್ ಅದನ್ನೂ ದೊಡ್ಡದು ಮಾಡ್ತದ.

ಇದಕ್ಕ ರಿಮೋಟ್ ಮೈಕ್ ಅಂತ ಬರ್ತದ. ಮಾತಾಡೋರ ಅಂಗಿಗೆ ಸಿಗಿಸಿದ್ರ ದನಿ ನೆಟ್ಟಗ ಮಷಿನ್‌ಗೇ ಬರ್ತದ. ನಮ್ಮ ಅವ್ವಗ ತಂದಾಗ ನಾ ನನ್ನ ಸೆರಗಿಗೆ ಸಿಗಿಸಿಕೊಂಡು, ಅಡಗಿ ಮನ್ಯಾಗ ರೊಟ್ಟಿ ಬಡೀತಾ ಮೆಲ್ಲಕ "ಚಾ ಬೇಕೇನವ್ವ" ಅಂದೆ. ಪಡಸಾಲ್ಯಾಗಿಂದ "ಸಕ್ರಿ ಕಡಿಮಿ ಹಾಕು" ಅಂದ್ಳು. ಒಲಿ ಮ್ಯಾಲಿನ ರೊಟ್ಟಿ ಹೊತ್ತಿದ್ದೂ ನೋಡಲಿಲ್ಲರಿ ನಾ, ಅಳು ಬಂದುಬಿಡ್ತು.

ಆದ್ರ ಎಲ್ಲಾ ಮೈಕ್ ಎಲ್ಲಾ ಮಷಿನ್‌ಗೆ ಕೂಡಂಗಿಲ್ಲ. ಕೊಳ್ಳೋಕಿಂತ ಮೊದಲ ಮಷಿನ್ ಒಯ್ದು ಆಡಿಯಾಲಜಿಸ್ಟ್‌ಗೆ (ಕಿವಿ ಕೇಳೋದು ತಪಾಸಣಿ ಮಾಡೋರಿಗೆ) ತೋರಸ್ರಿ. ಟೆಲಿಕಾಯಿಲ್ (ಲೂಪಿನ ಸಿಗ್ನಲ್ ಹಿಡಿಯೋ ಸಣ್ಣ ತಂತಿ ಸುರುಳಿ) ಅದ ಏನು, ಬ್ಲೂಟೂತ್ ಅದ ಏನು ಅಂತ ಕೇಳ್ರಿ. ಟೆಲಿಕಾಯಿಲ್ ಇದ್ರ ಮೈಕಿನ ದನಿ ಮಷಿನ್‌ಗೆ ಮುಟ್ಟಸಾಕ ಕೊರಳಾಗ ಹಾಕೋ ತಂತಿ ಲೂಪ್‌ನೂ ನಡೀತದ. ಕಿವ್ಯಾಗ ಗುಗ್ಗಿ ಕಟ್ಟೇದೇನು ಅದನ್ನೂ ನೋಡಸ್ರಿ. ಅಲ್ಲೀ ತನಕ ಅವರನ್ನ ಮುಂದ, ಸ್ವಾಮಿಗಳ ಮಾರಿ ಕಾಣೋ ಹಂಗ ಕೂಡಸ್ರಿ.