ಆಂಪ್ ಇಲ್ದೆ ಎಲೆಕ್ಟ್ರಿಕ್ ಗಿಟಾರ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ದಾವಣಗೆರೆಲಿ ಇಂಜಿನಿಯರಿಂಗ್ ಓದ್ತಿದೀನಿ, ಬಾಡಿಗೆ ರೂಮು. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಇದೆ, ಒಂದು ಡಿಸ್ಟಾರ್ಷನ್ ಪೆಡಲ್ ಇದೆ. ಆಂಪ್ಲಿಫೈಯರ್, ಅಂದ್ರೆ ಆಂಪ್, ತಗೊಳ್ಳೋಕೆ ದುಡ್ಡಿಲ್ಲ, ತಗೊಂಡ್ರೂ ಓನರ್ ಬಿಡಲ್ಲ. ಪೆಡಲನ್ನ ಸೀದಾ ಆಡಿಯೋ ಇಂಟರ್‌ಫೇಸಿಗೆ (ಗಿಟಾರ್ ಸಿಗ್ನಲ್ಲನ್ನ ಕಂಪ್ಯೂಟರಿಗೆ ಕೊಡೋ ಡಬ್ಬಿ) ಹಾಕಿ ಹೆಡ್‌ಫೋನಲ್ಲಿ ಕೇಳ್ತೀನಿ. ಕ್ಲೀನ್ ಸೌಂಡ್ ಪರವಾಗಿಲ್ಲ, ಡಿಸ್ಟಾರ್ಷನ್ ಆನ್ ಮಾಡಿದ್ರೆ ಮಾತ್ರ ಚರ್ರ್ ಅಂತ ಕಿವಿ ಕೊರೆಯತ್ತೆ. ಪೆಡಲ್ ಕೆಟ್ಟಿದ್ಯಾ? ಫ್ರೆಂಡ್ಸ್ ಕ್ಯಾಬ್ ಸಿಮ್ಯುಲೇಟರ್ ಹಾಕು ಅಂತಾರೆ, ಅದೇನ್ ಮಾಡತ್ತೆ ಸರ್?

ಉತ್ತರ: ಪೆಡಲ್ ಕೆಟ್ಟಿಲ್ಲ, ಬೇರೆ ಪೆಡಲ್ ತಗೊಂಡು ದುಡ್ಡು ಹಾಳು ಮಾಡ್ಕೋಬೇಡಿ. ನಿಮ್ಮ ಸೆಟಪ್ಪಲ್ಲಿ ಇಲ್ದೇ ಇರೋದು ಸ್ಪೀಕರ್. ಆಂಪ್ ಅಂದ ತಕ್ಷಣ ನಮಗೆಲ್ಲ ಮೇಲಿರೋ ಗೇನ್, ಬಾಸ್, ಟ್ರೆಬಲ್ ನಾಬ್‌ಗಳೇ ಕಣ್ಣಿಗೆ ಬೀಳೋದು, ಆದ್ರೆ ಎಲೆಕ್ಟ್ರಿಕ್ ಗಿಟಾರಿನ ಸೌಂಡಲ್ಲಿ ಅರ್ಧ ಕೆಲಸ ಮಾಡೋದು ಡಬ್ಬದೊಳಗಿರೋ ಆ 12 ಇಂಚಿನ ಕಾಗದದ ಕೋನ್. ಉದಾಹರಣೆಗೆ ಸೆಲೆಶನ್ ವಿಂಟೇಜ್ 30 ಅನ್ನೋ ಸ್ಪೀಕರ್ ತಗೊಳ್ಳಿ, ರಾಕ್ ಮೆಟಲ್ ನುಡಿಸೋರಿಗೆಲ್ಲ ಗೊತ್ತಿರೋದೇ. ಕಂಪನಿಯವರೇ ಅದರ ರೇಂಜ್ 70ರಿಂದ 5000 ಹರ್ಟ್ಜ್ ಅಂತ ಕೊಟ್ಟಿದಾರೆ, ಅದರಾಚೆ ಸೌಂಡ್ ಸರ್ರ್ ಅಂತ ಬಿದ್ದೋಗತ್ತೆ. ನಿಮ್ಮ ಹೆಡ್‌ಫೋನ್ ಹಾಗಲ್ಲ, ಅದು 20,000 ಹರ್ಟ್ಜ್ ತನಕ ಬಂದಿದ್ದನ್ನೆಲ್ಲ ಕೇಳಿಸತ್ತೆ.

ಈಗ ಡಿಸ್ಟಾರ್ಷನ್ ಏನ್ ಮಾಡತ್ತೆ ನೋಡಿ. ತಂತಿಯಿಂದ ಬರೋ ಸಿಗ್ನಲ್ಲಿನ ತಲೆ ಕತ್ತರಿಸಿ ಚಪ್ಪಟೆ ಮಾಡತ್ತೆ, ಹಾಗೆ ಕತ್ತರಿಸಿದಾಗ ಮೂಲ ಸ್ವರದಲ್ಲಿ ಇಲ್ದೇ ಇದ್ದ ಹಾರ್ಮೋನಿಕ್ಸ್ (ಸ್ವರದ ಎರಡು ಪಟ್ಟು, ಮೂರು ಪಟ್ಟು ಹೀಗೆ ಮೇಲಿರೋ ಫ್ರೀಕ್ವೆನ್ಸಿಗಳು) ರಾಶಿ ರಾಶಿ ಹುಟ್ಕೊಳ್ಳತ್ತೆ, ಅದೂ ಮೇಲ್ಮೇಲಿನ ಫ್ರೀಕ್ವೆನ್ಸಿಗಳ ತನಕ. ಗಿಟಾರ್ ಸ್ಪೀಕರ್ ಇದ್ದಿದ್ರೆ ಆ ಮೇಲಿನದನ್ನೆಲ್ಲ ನುಂಗಿ ಹಾಕ್ತಿತ್ತು, ಹೆಡ್‌ಫೋನ್ ನುಂಗಲ್ಲ, ಅದೇ ನಿಮ್ಮ ಚರ್ರ್. ಕ್ಲೀನ್ ಸೌಂಡಲ್ಲಿ ಅಷ್ಟೊಂದು ಹಾರ್ಮೋನಿಕ್ಸ್ ಇರಲ್ಲ, ಅದಕ್ಕೇ ಅದು ಪರವಾಗಿಲ್ಲ ಅನ್ಸತ್ತೆ.

ಹಂಗಾದ್ರೆ ಟ್ರೆಬಲ್ ಕಮ್ಮಿ ಮಾಡಿದ್ರೆ ಸಾಕಲ್ವಾ ಅಂತ ಕೇಳ್ಬೋದು. ಸಾಕಾಗಲ್ಲ, ಕಂಬಳಿ ಹೊದ್ಸಿದಂಗೆ ಕೇಳತ್ತೆ. ಯಾಕಂದ್ರೆ ಸ್ಪೀಕರ್ ಬರೀ ಮೇಲಿನದನ್ನ ಕತ್ತರಿಸಿ ಸುಮ್ನಾಗಲ್ಲ, 2-3 ಸಾವಿರ ಹರ್ಟ್ಜ್ ಹತ್ರ ಒಂದಿಷ್ಟು ಎತ್ತತ್ತೆ, ನಡುವೆ ಅಲ್ಲಲ್ಲಿ ತಗ್ಗಿಸತ್ತೆ, ಹಿಂದ್ಗಡೆ ಮುಚ್ಚಿರೋ ಡಬ್ಬ ಆದ್ರೆ ಕೆಳಗಿನ ಸ್ವರಕ್ಕೆ ಧಮ್ ಅನ್ನೋ ಗುದ್ದು ಕೊಡತ್ತೆ, ತೆರೆದಿರೋ ಡಬ್ಬ ಆದ್ರೆ ಹಗುರಾಗಿ ಹರಡತ್ತೆ. ಈ ಸ್ಪೀಕರ್ ಡಬ್ಬಕ್ಕೆ ಕ್ಯಾಬಿನೆಟ್, ಚಿಕ್ಕದಾಗಿ ಕ್ಯಾಬ್ ಅಂತಾರೆ, ಅದರ ಏರಿಳಿತ ಪೂರ್ತಿ ನಕಲು ಮಾಡೋದೇ ಕ್ಯಾಬ್ ಸಿಮ್ಯುಲೇಟರ್, ಅಂದ್ರೆ ಕ್ಯಾಬ್ ಸಿಮ್. ಹೊಸ ವಿಷಯ ಏನಲ್ಲ, ಅಮೆರಿಕದ ಬಾಸ್ಟನ್ ಅನ್ನೋ ರಾಕ್ ಬ್ಯಾಂಡಿನ ಟಾಮ್ ಶೋಲ್ಜ್ ಎಂಐಟಿಲಿ ಓದಿದ ಇಂಜಿನಿಯರ್, ಅವರು 1982ರಲ್ಲೇ ರಾಕ್‌ಮನ್ ಅಂತ ಸೊಂಟಕ್ಕೆ ಸಿಗಿಸ್ಕೊಳ್ಳೋ ಡಬ್ಬಿ ತಂದ್ರು, ಹೆಡ್‌ಫೋನ್ ಹಾಕ್ಕೊಂಡು ನುಡಿಸೋದಕ್ಕೆ ಅಂತಲೇ ಮಾಡಿದ್ದು.

ಆಗೆಲ್ಲ ಅನಲಾಗ್ ಫಿಲ್ಟರ್ ಇತ್ತು, ಈಗ ಹೆಚ್ಚಿನವು ಇಂಪಲ್ಸ್ ರೆಸ್ಪಾನ್ಸ್ ಮೇಲೆ ನಡಿಯತ್ತೆ, ಐಆರ್ ಅಂತಾರಲ್ಲ ಅದೇ. ನಿಜವಾದ ಕ್ಯಾಬಿನೆಟ್ ಮುಂದೆ ಮೈಕ್ ಇಟ್ಟು, ಕೆಳಗಿಂದ ಮೇಲಿನ ತನಕ ಎಲ್ಲ ಫ್ರೀಕ್ವೆನ್ಸಿ ಹಾಯಿಸಿ ರೆಕಾರ್ಡ್ ಮಾಡಿ, ಅದರಿಂದ ಲೆಕ್ಕ ಹಾಕಿ ತೆಗೆಯೋ ಚಿಕ್ಕ ವೇವ್ ಫೈಲ್ ಅದು. 48 ಕಿಲೋಹರ್ಟ್ಜಲ್ಲಿ, ಅಂದ್ರೆ ಸಿಗ್ನಲ್ಲನ್ನ ಸೆಕೆಂಡಿಗೆ 48 ಸಾವಿರ ಸಲ ಅಳೆದಾಗ, 2048 ಸ್ಯಾಂಪಲ್ (ಅಳತೆ) ಅಂದ್ರೆ ಹತ್ತತ್ರ 43 ಮಿಲಿಸೆಕೆಂಡ್, ಅಷ್ಟರಲ್ಲೇ ಡಬ್ಬ, ಸ್ಪೀಕರ್, ಮೈಕು, ಮೈಕ್ ಇಟ್ಟಿದ್ದ ಜಾಗ ಎಲ್ಲ ಸೇರ್ಕೊಂಡಿರತ್ತೆ.

ನಾನು ಒತ್ತಿ ಹೇಳೋದು ಈ ಮೈಕ್ ಜಾಗದ ಬಗ್ಗೆ. ನೂರಾರು ಐಆರ್ ಡೌನ್‌ಲೋಡ್ ಮಾಡ್ಕೊಂಡು ಒಂದೊಂದೇ ಬದಲಾಯಿಸ್ತಾ ಸಂಜೆ ಕಳೀಬೇಡಿ, ಗಿಟಾರ್ ನುಡಿಸೋದೇ ನಿಂತೋಗತ್ತೆ. ಒಂದೇ ಸ್ಪೀಕರ್, ಒಂದೇ ಮೈಕ್ ಇರೋ ಎರಡು ಫೈಲ್ ತಗೊಳ್ಳಿ, ಶೂರ್ ಎಸ್‌ಎಂ57 ಇದ್ರೆ ಒಳ್ಳೇದು, 1965ರಿಂದ ಬರ್ತಿರೋ ಮೈಕು, ಸ್ಟುಡಿಯೋಗಳಲ್ಲಿ ಗಿಟಾರಿಗೆ ಅದನ್ನೇ ಇಡೋದು ವಾಡಿಕೆ. ಒಂದರಲ್ಲಿ ಮೈಕ್ ಕೋನಿನ ನಡುಮಧ್ಯಕ್ಕೆ ಇರ್ಲಿ, ಇನ್ನೊಂದರಲ್ಲಿ ಅಂಚಿನ ಕಡೆಗೆ. ಬಲಗೈ ಅಂಗೈಯನ್ನ ಬ್ರಿಡ್ಜ್ ಹತ್ರ ತಂತಿ ಮೇಲೆ ಒರಗಿಸ್ಕೊಂಡು ಆರನೇ ತಂತಿನ ಜುಗ್ ಜುಗ್ ಅಂತ ಹೊಡೀರಿ. ಮಧ್ಯದ ಫೈಲಲ್ಲಿ ಪಿಕ್ ತಂತಿಗೆ ತಾಗೋ ಸದ್ದು ಚೂಪಾಗಿ ಮುಂದೆ ಬರತ್ತೆ, ಅಂಚಿನ ಫೈಲಲ್ಲಿ ಆ ಚೂಪು ಹೋಗಿ ದಪ್ಪಗೆ ಮಂದವಾಗತ್ತೆ. ಪೆಡಲ್ ಬದಲಾಯಿಸಿದ್ರೂ ಇಷ್ಟು ವ್ಯತ್ಯಾಸ ಎಷ್ಟೋ ಸಲ ಬರಲ್ಲ.

ಕ್ಯಾಬ್ ಸಿಮ್ ಯಾವಾಗಲೂ ಡಿಸ್ಟಾರ್ಷನ್ ಆದ್ಮೇಲೆ ಬರ್ಬೇಕು, ರಿವರ್ಬ್ (ದೊಡ್ಡ ಕೋಣೆಲಿ ನುಡಿಸಿದಂಗೆ ಗುಂಗು ಕೊಡೋ ಎಫೆಕ್ಟ್) ಅದರ ನಂತರ. ಪೆಡಲ್ ಆದ್ಮೇಲೆ ಸೀದಾ ಕ್ಯಾಬ್ ಸಿಮ್ ಹಾಕಿದ್ರೂ ನಡಿಯತ್ತೆ, ಆದ್ರೆ ನಡುವೆ ಒಂದು ಆಂಪ್ ಸಿಮ್, ಅಂದ್ರೆ ಆಂಪನ್ನ ನಕಲು ಮಾಡೋದು, ಕ್ಲೀನಾಗಿ ಇಟ್ರೆ ಸೌಂಡಿಗೆ ಮೈ ಬರತ್ತೆ. ಇನ್ನೂ ಚುರುಗುಟ್ತಿದ್ರೆ 7-8 ಸಾವಿರದ ಮೇಲೆ ಹೈ ಕಟ್ ಹಾಕಿ. ಕೆಳಗೆ 80ರ ಹತ್ರ ಲೋ ಕಟ್ ಹಾಕ್ಬೋದು, ಆರನೇ ತಂತಿಯ ಇ ಸ್ವರ ಇರೋದೇ 82 ಹರ್ಟ್ಜಲ್ಲಿ.

ಪ್ರಶ್ನೆ: ಮೈಸೂರಿಂದ. ಕ್ಯಾಬ್ ಸಿಮ್ ಪೆಡಲ್‌ಗಳ ರೇಟ್ ನೋಡಿ ಗಾಬರಿ ಆಯ್ತು. ಲ್ಯಾಪ್‌ಟಾಪಲ್ಲೇ ಮಾಡ್ಬೋದಾ?

ಉತ್ತರ: ಖಂಡಿತ ಮಾಡ್ಬೋದು, ಮನೇಲಿ ನುಡಿಸೋದಾದ್ರೆ ಮೊದ್ಲು ಅದನ್ನೇ ಮಾಡಿ. ಇಗ್ನೈಟ್ ಆಂಪ್ಸ್ ಅವರ ನಾದಿರ್ ಅನ್ನೋ ಐಆರ್ ಲೋಡರ್ (ಆ ಐಆರ್ ಫೈಲ್ ಹಾಕಿ ನುಡಿಸೋ ಸಾಫ್ಟ್‌ವೇರ್) ಫ್ರೀ, ಆಂಪ್ ಭಾಗಕ್ಕೆ ನ್ಯೂರಲ್ ಆಂಪ್ ಮಾಡೆಲರ್ ಕೂಡ ಫ್ರೀ. ದುಡ್ಡು ಹಾಕೋದಿದ್ರೆ ಸುಮಾರಾದ ಒಂದು ಇಂಟರ್‌ಫೇಸಿಗೆ ಹಾಕಿ, ಅದ್ರಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಅಂತ ಬರೆದಿರೋ ಇನ್‌ಪುಟ್ ಇರ್ಲೇಬೇಕು, ಇಲ್ಲಾಂದ್ರೆ ಗಿಟಾರಲ್ಲಿ ತಂತಿ ಕೆಳಗಿರೋ ಪಿಕಪ್ಪಿನ ಸಿಗ್ನಲ್ ಸೊರಗಿ ಹೋಗತ್ತೆ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳೋ ಸ್ಯಾಂಪಲ್ ಗುಂಪು) 128 ಸ್ಯಾಂಪಲಿಗೆ ಇಡಿ, 48 ಕಿಲೋಹರ್ಟ್ಜಲ್ಲಿ ಅದು ಒಂದು ಕಡೆಗೆ 2.7 ಮಿಲಿಸೆಕೆಂಡ್ ತಡ. ಒಳಗೆ ಬರೋದು ಹೊರಗೆ ಹೋಗೋದು ಎಲ್ಲ ಸೇರಿ 9-10 ಮಿಲಿಸೆಕೆಂಡ್ ತಡ ಆದ್ರೂ ಹೆದರ್ಬೇಡಿ, ಆಂಪಿಂದ ಮೂರು ಮೀಟರ್ ದೂರ ನಿಂತು ನುಡಿಸಿದ್ರೂ ಸದ್ದು ಕಿವಿಗೆ ಬರೋಕೆ ಅಷ್ಟೇ ಹೊತ್ತು ಹಿಡಿಯತ್ತೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ, ನೀವು ತಂತಿ ಮೀಟಿ ಎಷ್ಟೋ ಹೊತ್ತಾದ್ಮೇಲೆ ಕೇಳತ್ತೆ, ತಾಳ ಹಾಳಾಗತ್ತೆ.

ಪ್ರಶ್ನೆ: ಮಂಗಳೂರಿಂದ. ನಮ್ಮ ಬ್ಯಾಂಡಲ್ಲಿ ಹಳೇ ವಾಲ್ವ್ ಆಂಪ್ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಭಾಗ) ಇದೆ, ಕ್ಯಾಬಿನೆಟ್ ಹಾಳಾಗಿದೆ. ಸ್ಪೀಕರ್ ಔಟಿಂದ ಕೇಬಲ್ ಎಳೆದು ಕ್ಯಾಬ್ ಸಿಮ್ ಪೆಡಲಿಗೆ ಹಾಕಿ ಮಿಕ್ಸರಿಗೆ ಕೊಡ್ಬೋದಾ?

ಉತ್ತರ: ದಯವಿಟ್ಟು ಬೇಡ! ಈ ತಿಂಗಳ ಪತ್ರಗಳಲ್ಲಿ ನಾನು ಮೊದ್ಲು ಉತ್ತರ ಬರೆದಿದ್ದೇ ಇದಕ್ಕೆ. ವಾಲ್ವ್ ಆಂಪಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಲೋಡ್, ಅಂದ್ರೆ ಸ್ಪೀಕರಿನಂಗೆ ಪವರ್ ಹೀರ್ಕೊಳ್ಳೋದೊಂದು, ಬೇಕೇ ಬೇಕು, 4, 8 ಅಥವಾ 16 ಓಮ್. ಲೋಡ್ ಇಲ್ದೆ ಜೋರಾಗಿ ನುಡಿಸಿದ್ರೆ ಟ್ರಾನ್ಸ್‌ಫಾರ್ಮರಿನ ಒಳಗೆ ವೋಲ್ಟೇಜ್ ಎಗರಿ ಇನ್ಸುಲೇಷನ್ ಸುಟ್ಟೋಗ್ಬೋದು, ವಾಲ್ವೂ ಹೋಗ್ಬೋದು, ರಿಪೇರಿ ಖರ್ಚು ಸಣ್ಣದಲ್ಲ. ಮಾಮೂಲಿ ಕ್ಯಾಬ್ ಸಿಮ್ ಪೆಡಲ್ ಲೋಡ್ ಕೊಡಲ್ಲ, ಆಂಪಿನ ಸ್ಪೀಕರ್ ಔಟ್ ಪವರನ್ನ ತಡ್ಕೊಳ್ಳೋದೂ ಇಲ್ಲ. ನಿಮಗೆ ಬೇಕಿರೋದು ಲೋಡ್ ಬಾಕ್ಸ್, ಸ್ಪೀಕರ್ ಬದಲು ತಾನೇ ಲೋಡ್ ಆಗಿ ನಿಂತು ಮಿಕ್ಸರಿಗೆ ಆಗೋಷ್ಟು ಸಣ್ಣ ಸಿಗ್ನಲ್ ಹೊರಗೆ ಕೊಡೋ ಡಬ್ಬಿ. ಟೂ ನೋಟ್ಸ್ ಅವರ ಟಾರ್ಪಿಡೋ ಕ್ಯಾಪ್ಟರ್ ಅಂತ ಒಂದಿದೆ, 100 ವಾಟ್ ತನಕ ತಡ್ಕೊಳ್ಳತ್ತೆ, 4, 8, 16 ಓಮಿಗೆ ಬೇರೆ ಬೇರೆ ಮಾಡೆಲ್ ಇದೆ, ನಿಮ್ಮ ಆಂಪಿನ ಹಿಂದೆ ಬರೆದಿರೋ ಓಮ್ ನೋಡಿ ಅದಕ್ಕೆ ಹೊಂದೋದನ್ನೇ ತಗೊಳ್ಳಿ. ಆಂಪಿಂದ ಲೋಡ್ ಬಾಕ್ಸಿಗೆ ಹೋಗೋದು ಸ್ಪೀಕರ್ ಕೇಬಲ್ಲೇ ಆಗಿರ್ಬೇಕು, ಗಿಟಾರ್ ಕೇಬಲ್ ನೋಡೋಕೆ ಹಾಗೇ ಇದ್ರೂ ಹಾಕ್ಬೇಡಿ. ಇದೆಲ್ಲ ಕೈಗೆ ಬರೋ ತನಕ ಆ ಹೆಡ್ ಆನ್ ಮಾಡ್ಲೇಬೇಡಿ.

ಪ್ರಶ್ನೆ: ಹುಬ್ಬಳ್ಳಿಯಿಂದ. ಮನ್ಯಾಗ ಹೆಡ್‌ಫೋನ್ ಹಾಕ್ಕೊಂಡ್ರ ಟೋನ್ ಭಾರಿ ಚಂದ ಇರ್ತೈತ್ರಿ, ಅದನ್ನ ತಗೊಂಡು ಹೋಗಿ ಗೆಳೆಯಾನ ಆಂಪಿಗೆ ಹಾಕಿದ್ರ ಮುಸುಕು ಮುಸುಕು ಕೇಳ್ತೈತಿ. ಯಾಕ್ರಿ?

ಉತ್ತರ: ಕ್ಯಾಬ್ ಸಿಮ್ ಆನ್ ಇಟ್ಟೇ ಹಾಕಿದೀರ ಅನ್ಸತ್ತೆ. ಆ ಆಂಪಲ್ಲಿ ನಿಜವಾದ ಗಿಟಾರ್ ಸ್ಪೀಕರ್ ಆಗ್ಲೇ ಇದೆ, ನಿಮ್ಮದೂ ಸೇರಿದ್ರೆ ಎರಡೆರಡು ಸಲ ಕತ್ತರಿಸಿದಂಗಾಯ್ತು. ಆಂಪಿಗೆ ಹಾಕೋವಾಗ ಆಫ್ ಮಾಡಿ, ಪಿಎ ಸ್ಪೀಕರಿಗೋ (ಹಾಲಲ್ಲಿ ಜನಕ್ಕೆ ಕೇಳ್ಸೋ ಸ್ಪೀಕರ್) ಮಿಕ್ಸರಿಗೋ ಕೊಡೋವಾಗ ಆನ್ ಮಾಡಿ. ಇನ್ನೊಂದು, ಕಮ್ಮಿ ವಾಲ್ಯೂಮಲ್ಲಿ ನಮ್ಮ ಕಿವಿಗೆ ಬಾಸ್ ಕಮ್ಮಿ ಕೇಳತ್ತೆ, ಅದಕ್ಕೆ ಮನೇಲಿ ಬಾಸ್ ಏರಿಸಿಟ್ಟಿರ್ತೀವಿ, ಅದೇ ಸೆಟ್ಟಿಂಗ್ ಸ್ಟೇಜಲ್ಲಿ ಜೋರಾದಾಗ ಗುಂಯ್ ಅನ್ನತ್ತೆ. ಸ್ಟೇಜಿಗೆ ಅಂತ ಬೇರೆ ಪ್ರಿಸೆಟ್ ಮಾಡಿಟ್ಕೊಳ್ಳಿ, ಸೌಂಡ್ ಚೆಕ್ ಟೈಮಲ್ಲಿ ಫುಲ್ ವಾಲ್ಯೂಮಲ್ಲೇ ಬಾಸ್ ಇಳಿಸಿ ಸೇವ್ ಮಾಡಿ.